ಮತಪತ್ರದ ಮೇಲೆ ಆಕರಕೋಶ: ಪ್ರೊಪೊಸಿಷನ್ 71ರ ಕಲಮುಗಳಲ್ಲಿ ಏನಿತ್ತು?

2004ರ ನವೆಂಬರ್ 2ರಂದು ಕ್ಯಾಲಿಫೋರ್ನಿಯಾದ ಮತದಾರರು ಅಧ್ಯಕ್ಷರನ್ನು ಆರಿಸುವುದರ ಜೊತೆಗೆ ಇನ್ನೊಂದು ಪ್ರಶ್ನೆಗೂ ಉತ್ತರಿಸಬೇಕಿತ್ತು. ಅದು ಪ್ರೊಪೊಸಿಷನ್ 71, ಅಂದರೆ ನೇರವಾಗಿ ಮತದಾರರ ಮುಂದಿಟ್ಟ ಕಾನೂನಿನ ಪ್ರಸ್ತಾವ. ಆಕರಕೋಶ, ಅಂದರೆ ಸ್ಟೆಮ್ ಸೆಲ್ ಸಂಶೋಧನೆಗಾಗಿ ರಾಜ್ಯ 300 ಕೋಟಿ ಡಾಲರ್ ಸಾಲ ಎತ್ತಬಹುದೇ? ಶೇ 59ರಷ್ಟು ಮಂದಿ ಹೌದೆಂದರು. ಪ್ರಚಾರವೆಲ್ಲ ನಡೆದದ್ದು ಭ್ರೂಣ ಮುಖ್ಯವೋ ರೋಗಿ ಮುಖ್ಯವೋ ಎಂಬ ಒಂದೇ ಗೆರೆಯ ಮೇಲೆ. ಮುಂದೆ ಎದುರಾದ ತೊಡಕುಗಳ ಬೇರು ಮಾತ್ರ ಆ ಜಗಳದಲ್ಲಿ ಇರಲಿಲ್ಲ, ಪ್ರೊಪೊಸಿಷನ್ 71ರ ಕಲಮುಗಳಲ್ಲೇ ಇತ್ತು.

ಒಂದು ರಾಜ್ಯ ಈ ಕೆಲಸಕ್ಕೆ ಕೈಹಾಕಿದ್ದೇಕೆ? 2001ರ ಆಗಸ್ಟ್ 9ರ ವೇಳೆಗೆ ತಯಾರಾಗಿದ್ದ ಭ್ರೂಣಕೋಶ ಸಾಲುಗಳಿಗೆ (ಒಂದು ಭ್ರೂಣದಿಂದ ತೆಗೆದು ಪ್ರಯೋಗಾಲಯದಲ್ಲಿ ಬೆಳೆಸುತ್ತ ಹೋಗುವ ಕೋಶಗಳ ಸಂತತಿಗೆ) ಮಾತ್ರ ಕೇಂದ್ರದ ಹಣ ಎಂದು ಅಧ್ಯಕ್ಷ ಬುಷ್ ಗಡಿ ಎಳೆದಿದ್ದರು. ಅದೇ ತಿಂಗಳು ಪ್ರಕಟವಾದ 64 ಸಾಲುಗಳ ಪಟ್ಟಿಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಮೂರು, ಮುಂಬೈನ ರಿಲಯನ್ಸ್ ಲೈಫ್ ಸೈನ್ಸಸ್‌ನ ಏಳು ಸಾಲುಗಳಿದ್ದವು. ಆದರೆ ಸಂಶೋಧಕರ ಕೈಗೆ ನಿಜಕ್ಕೂ ಸಿಕ್ಕಿದ್ದು ಒಟ್ಟು ಇಪ್ಪತ್ತರ ಆಸುಪಾಸು. ಅವುಗಳನ್ನೂ ಇಲಿಯ ಕೋಶಗಳ ಹಾಸಿನ ಮೇಲೆ ಬೆಳೆಸಲಾಗಿತ್ತು. ಮನುಷ್ಯರ ದೇಹಕ್ಕೆ ಸೇರಿಸುವ ಚಿಕಿತ್ಸೆಗೆ ಅದು ದೊಡ್ಡ ಅಡ್ಡಿ. ಹೊಸ ಸಾಲು ಬೇಕಾದರೆ ಹೊಸ ಹಣ ಬೇಕಿತ್ತು.

ಹೊಸ ಸಾಲು ಹುಟ್ಟುವುದು ಹೀಗೆ: ಬಂಜೆತನದ ಚಿಕಿತ್ಸೆಯಲ್ಲಿ ಉಳಿದ, ದಂಪತಿ ದಾನ ಕೊಟ್ಟ ಐದಾರು ದಿನದ ಭ್ರೂಣದಲ್ಲಿ ನೂರು–ನೂರೈವತ್ತು ಕೋಶಗಳಿರುತ್ತವೆ. ಹೊರಪದರವನ್ನು ಬಿಡಿಸಿ ಒಳಗಿನ ಗುಂಪನ್ನು ತೆಗೆದು ಬೆಳೆಸಿದರೆ, ದೇಹದ ಯಾವುದೇ ಅಂಗಾಂಶವಾಗಬಲ್ಲ ಕೋಶಗಳು ಸಿಗುತ್ತವೆ. ಭ್ರೂಣ ಅಲ್ಲಿಗೆ ಮುಗಿಯಿತು. ಕ್ಯಾಥೊಲಿಕ್ ಬಿಷಪ್‌ಗಳ ವಿರೋಧ ಇದಕ್ಕೆ. ಆ ನಿಲುವನ್ನು ಒಪ್ಪದವರೂ ಅದು ನೇರವಾದದ್ದೆಂದು ಒಪ್ಪಬೇಕು.

ವಿರೋಧಿಗಳ ಸಾಲಿನಲ್ಲಿ ಗರ್ಭಪಾತದ ಹಕ್ಕನ್ನು ಬೆಂಬಲಿಸುವ ಮಹಿಳಾ ಆರೋಗ್ಯ ಕಾರ್ಯಕರ್ತೆಯರೂ ಇದ್ದರು. ಅವರ ಆತಂಕ ಅಂಡಾಣುವಿನದು. ಪ್ರೊಪೊಸಿಷನ್ 71 ಮಗು ಹುಟ್ಟಿಸುವ ತದ್ರೂಪಿ ಸೃಷ್ಟಿಗೆ ಹಣ ನಿಷೇಧಿಸಿತ್ತು. ಆದರೆ ರೋಗಿಯ ಕೋಶಕೇಂದ್ರವನ್ನು ಅಂಡಾಣುವಿಗೆ ಸೇರಿಸಿ ಕೋಶಸಾಲು ಪಡೆಯುವ ವಿಧಾನಕ್ಕೆ ಅವಕಾಶವಿತ್ತು. ಅದಕ್ಕೆ ತಾಜಾ ಅಂಡಾಣು ಬೇಕು. ಅಂಡಾಣು ಬೇಕೆಂದರೆ ಆರೋಗ್ಯವಂತ ಹೆಣ್ಣುಮಗಳು ಹತ್ತು–ಹನ್ನೆರಡು ದಿನ ಹಾರ್ಮೋನ್ ಚುಚ್ಚುಮದ್ದು ತೆಗೆದುಕೊಳ್ಳಬೇಕು. ಅಂಡಾಶಯ ಅತಿಯಾಗಿ ಕೆರಳಿದರೆ ಹೊಟ್ಟೆಯಲ್ಲಿ ನೀರು ತುಂಬಿ ಆಸ್ಪತ್ರೆ ಸೇರಬೇಕಾಗಬಹುದು. ದಾನಿಗೆ ಖರ್ಚು ಬಿಟ್ಟು ಬೇರೆ ಹಣ ಕೊಡುವಂತಿಲ್ಲ ಎಂಬ ಕಲಮು ಇದ್ದದ್ದು ಒಳ್ಳೆಯದೇ. 2004ರಲ್ಲೇ ದಕ್ಷಿಣ ಕೊರಿಯಾದ ವಿಜ್ಞಾನಿ ಹ್ವಾಂಗ್ ವೂ-ಸುಕ್ ಈ ವಿಧಾನದಲ್ಲಿ 242 ಅಂಡಾಣುಗಳಿಂದ ಒಂದು ಸಾಲು ಪಡೆದೆನೆಂದು ಪ್ರಕಟಿಸಿದ್ದರು. ಆ ವಿಧಾನ ಕೈಗೆಟುಕಿತು ಎಂಬ ನಂಬಿಕೆ ಹರಡಿದ್ದಾಗಲೇ ಮತದಾನ ನಡೆಯಿತು. ಅದು ವಂಚನೆಯೆಂದೂ, ಅವರ ಸಂಶೋಧನೆಗೆ ಒಟ್ಟಾರೆ ಸಂಗ್ರಹಿಸಿದ ಅಂಡಾಣುಗಳು ಎರಡು ಸಾವಿರಕ್ಕೂ ಹೆಚ್ಚೆಂದೂ ತಿಳಿದದ್ದು ಆಮೇಲೆ. ಮನುಷ್ಯರಲ್ಲಿ ಈ ವಿಧಾನ ನಿಜವಾಗಿ ಫಲಿಸಲು 2013 ಬರಬೇಕಾಯಿತು.

ಇನ್ನು ಸಾಲ. 300 ಕೋಟಿಗೆ ಬಡ್ಡಿ ಸೇರಿ ಸುಮಾರು 30 ವರ್ಷಗಳಲ್ಲಿ ತೀರಿಸಬೇಕಾದದ್ದು 600 ಕೋಟಿ ಡಾಲರ್ ಎಂದು ರಾಜ್ಯದ ವಿಶ್ಲೇಷಕರೇ ಲೆಕ್ಕ ಕೊಟ್ಟಿದ್ದರು. ಮೊದಲ ಐದು ವರ್ಷ ಅಸಲು ಕಟ್ಟಬೇಕಿಲ್ಲ, ಬಡ್ಡಿಯನ್ನೂ ಸಾಲದ ಹಣದಿಂದಲೇ ಕಟ್ಟಬಹುದು. ಹಾಗಾಗಿ ಹೊರೆ ಮತದಾರನ ಕಣ್ಣಿಗೆ ತಕ್ಷಣ ಬೀಳುವಂತಿರಲಿಲ್ಲ. ಸೇತುವೆಗೆ ಸಾಲ ಮಾಡಿದರೆ ತೀರಿಸುವಾಗ ಸೇತುವೆಯಾದರೂ ಇರುತ್ತದೆ. ಸಂಶೋಧನೆಯಲ್ಲಿ ಆ ಖಾತ್ರಿಯಿಲ್ಲ. ಜಾಹೀರಾತುಗಳು ಮಾತ್ರ ಗುಣವಾಗುವ ಮಕ್ಕಳನ್ನು ತೋರಿಸಿದವು. ಪ್ರಯೋಗಾಲಯದಿಂದ ರೋಗಿಯ ಹಾಸಿಗೆಗೆ ಹತ್ತು–ಹದಿನೈದು ವರ್ಷ ಹಿಡಿಯುತ್ತದೆ ಎಂಬುದನ್ನು ಬಲ್ಲ ವಿಜ್ಞಾನಿಗಳು ಆಗ ಗಟ್ಟಿಯಾಗಿ ಹೇಳಬೇಕಿತ್ತು.

ನನ್ನ ಮಟ್ಟಿಗೆ ಅತಿ ದುರ್ಬಲ ಕಲಮು ಆಡಳಿತದ್ದು. ಹಣ ಹಂಚಲು ಪ್ರೊಪೊಸಿಷನ್ 71 ಹುಟ್ಟುಹಾಕಿದ ಸಂಸ್ಥೆಯ ಮಂಡಳಿಗೆ 29 ಸದಸ್ಯರು. ಅವರಲ್ಲಿ ಹಲವರು ಅದೇ ಹಣಕ್ಕೆ ಅರ್ಜಿ ಹಾಕುವ ವಿಶ್ವವಿದ್ಯಾಲಯ, ಸಂಶೋಧನಾ ಕೇಂದ್ರಗಳವರು. ಕಾನೂನನ್ನು ತಿದ್ದಬೇಕೆಂದರೆ ಮೂರು ವರ್ಷ ಕಾಯಬೇಕು, ಆಮೇಲೂ ಎರಡೂ ಸದನಗಳಲ್ಲಿ ಶೇ 70 ಮತ ಬೇಕು. ತಪ್ಪು ಕಂಡರೂ ಸರಿಪಡಿಸಲು ದಾರಿ ಬಲು ಕಿರಿದು. 2012ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಎಂಬ ತಜ್ಞರ ಸಂಸ್ಥೆ ಈ ಹಿತಾಸಕ್ತಿ ಸಂಘರ್ಷವನ್ನು ಎತ್ತಿ ತೋರಿಸಿದ ಮೇಲೆ, ಅಂಥ ಸದಸ್ಯರು ಅನುದಾನದ ಮತದಾನದಿಂದ ದೂರ ಉಳಿಯುವ ಪದ್ಧತಿ ಬಂತು.

ಗೆದ್ದ ಮೇಲೂ ಹಣ ಬರಲಿಲ್ಲ. ಸಾಲ ಎತ್ತಬೇಕಾದದ್ದು ರಾಜ್ಯದ ಸಾಲಪತ್ರ, ಅಂದರೆ ಬಾಂಡ್ ಮಾರಿ; ವಿರೋಧಿಗಳು ಅದರ ವಿರುದ್ಧ ನ್ಯಾಯಾಲಯಕ್ಕೆ ಹೋದರು. ದಾವೆ ಬಾಕಿಯಿರುವ ಬಾಂಡನ್ನು ಯಾರು ಕೊಳ್ಳುತ್ತಾರೆ? 2006ರಲ್ಲಿ ಗವರ್ನರ್ ಶ್ವಾರ್ಜ್‌ನೆಗರ್ ರಾಜ್ಯದ ಬೊಕ್ಕಸದಿಂದ 15 ಕೋಟಿ ಡಾಲರ್ ಕೈಸಾಲ ಕೊಡಿಸಿ ಸಂಸ್ಥೆಯನ್ನು ನಡೆಸಿದರು. ದಾವೆಗಳು ಮುಗಿದದ್ದು 2007ರ ಮೇ ತಿಂಗಳಲ್ಲಿ. ಅದೇ ವರ್ಷ ಜಪಾನಿನ ಶಿನ್ಯಾ ಯಮಾನಾಕಾ ಭ್ರೂಣವನ್ನು ಮುಟ್ಟದೆ, ಮನುಷ್ಯರ ಚರ್ಮದ ಕೋಶವನ್ನೇ ಭ್ರೂಣಕೋಶದಂತೆ ಮಾರ್ಪಡಿಸಿ ತೋರಿಸಿದರು. ಸಂಸ್ಥೆಯ ಅನುದಾನದಿಂದ ಬಂದ ಹೆಮ್ಮೆಯ ಫಲಿತಾಂಶಗಳಲ್ಲೊಂದು ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯಿಲ್ಲದ ಮಕ್ಕಳ ಚಿಕಿತ್ಸೆ. ಅದರಲ್ಲಿ ಬಳಸಿದ್ದು ಮಗುವಿನದೇ ರಕ್ತದ ಆಕರಕೋಶಗಳನ್ನು. ಅಲ್ಲಿ ಭ್ರೂಣದ ಪ್ರಶ್ನೆಯೇ ಇಲ್ಲ.

ಹಣ ಮುಗಿಯುತ್ತ ಬಂದಾಗ, 2020ರಲ್ಲಿ ಪ್ರೊಪೊಸಿಷನ್ 14 ಬಂತು: ಇನ್ನೂ 550 ಕೋಟಿ ಡಾಲರ್, ಅದರಲ್ಲಿ 150 ಕೋಟಿ ಮಿದುಳು ಮತ್ತು ನರಮಂಡಲದ ರೋಗಗಳಿಗೆ. ಮಂಡಳಿ ಚಿಕ್ಕದಾಗುವ ಬದಲು 35ಕ್ಕೆ ಬೆಳೆಯಿತು. ಅನುದಾನ ಪಡೆದ ಸಂಶೋಧನೆಗಳಿಂದ ರಾಜ್ಯಕ್ಕೆ ಬರುವ ರಾಯಧನವನ್ನು ರೋಗಿಗಳ ಚಿಕಿತ್ಸಾ ವೆಚ್ಚ ತಗ್ಗಿಸಲು ಬಳಸಬೇಕೆಂಬ ಹೊಸ ಕಲಮು ಸೇರಿತು. ಈ ಸಲ ಹೌದೆಂದವರು ಶೇ 51ರಷ್ಟು ಮಾತ್ರ.