ಸೈನ್ಯದ ಖರ್ಚು ಯಾವ ಶೀರ್ಷಿಕೆಗೆ? ಅಮೆರಿಕದ ಹಣಕಾಸು ಕಾನೂನಿನ ಅಧ್ಯಯನ ಟಿಪ್ಪಣಿ

ಕೆಲಸ ತುರ್ತಿನದು, ಇಲಾಖೆಯ ಖಾತೆಯಲ್ಲಿ ಹಣವಿದೆ, ಮೇಲಧಿಕಾರಿ ಒಪ್ಪಿದ್ದಾರೆ. ಅಮೆರಿಕದ ಕಾನೂನಿನಲ್ಲಿ ಇಷ್ಟಿದ್ದರೂ ಖರ್ಚು ಮಾಡುವ ಅಧಿಕಾರ ಬರುವುದಿಲ್ಲ. ಕಾಂಗ್ರೆಸ್ ಶಾಸನದ ಮೂಲಕ ಕೊಟ್ಟ ಅನುದಾನವಿಲ್ಲದೆ ಖಜಾನೆಯಿಂದ ಹಣ ತೆಗೆಯುವಂತಿಲ್ಲ ಎಂದು ಅಲ್ಲಿನ ಸಂವಿಧಾನದ 1ನೇ ವಿಧಿ, 9ನೇ ಸೆಕ್ಷನ್ ಹೇಳುತ್ತದೆ. ನಮ್ಮ ಸಂವಿಧಾನದ 114(3) ಓದಿದವರಿಗೆ ಇದು ಹೊಸದೇನಲ್ಲ. ಸೈನ್ಯಕ್ಕೆ ಇನ್ನೂ ಒಂದು ಕಟ್ಟು ಇದೆ: ಭೂಸೇನೆಯನ್ನು ಕಟ್ಟಿ ಪೋಷಿಸುವ ಅನುದಾನ 2 ವರ್ಷ ಮೀರಬಾರದು (8ನೇ ಸೆಕ್ಷನ್).

ಯಾವ ಖರ್ಚಿನ ಬಿಲ್ಲು ಬಂದರೂ ಉದ್ದೇಶ, ಅವಧಿ, ಮೊತ್ತ ಈ ಮೂರನ್ನು ನೋಡಬೇಕು. ಅವಧಿ ಸುಲಭ: ಕಾರ್ಯಾಚರಣೆ ಮತ್ತು ನಿರ್ವಹಣೆಯ ಹಣ (ಓ ಅಂಡ್ ಎಂ) ಸಾಮಾನ್ಯವಾಗಿ 1 ವರ್ಷ, ಸೇನಾ ನಿರ್ಮಾಣದ ಹಣ (ಮಿಲ್ಕಾನ್) 5 ವರ್ಷ. ಅವಧಿ ತೀರಿದ ಮೇಲೆ ಇನ್ನೂ 5 ವರ್ಷ ಹಳೆಯ ಬಾಕಿ ಸರಿಹೊಂದಿಸಬಹುದು, ಹೊಸ ಕರಾರು ಮಾಡುವಂತಿಲ್ಲ. ಜನ ಎಡವುವುದು ಉದ್ದೇಶದಲ್ಲಿ. ಖರ್ಚಿಗೂ ಅನುದಾನಕ್ಕೂ ತರ್ಕಬದ್ಧ ಸಂಬಂಧವಿರಬೇಕು, ಯಾವ ಕಾನೂನೂ ಅದನ್ನು ನಿಷೇಧಿಸಿರಬಾರದು, ಆ ಕೆಲಸಕ್ಕೆಂದೇ ಬೇರೆ ಕಡೆ ಹಣ ಇಟ್ಟಿರಬಾರದು. ಈ ಮೂರನೆಯ ಪ್ರಶ್ನೆಯನ್ನು ಕೇಳದೆ ಬಿಡುವವರೇ ಹೆಚ್ಚು.

ಅದರ ತೂಕ ತಿಳಿಯಲು 1983-84ರ ಹೊಂಡುರಾಸ್ ಪ್ರಕರಣವನ್ನೇ ಓದಬೇಕು. ‘ಅಹುವಾಸ್ ತಾರಾ 2’ ಎಂಬ ಜಂಟಿ ಕವಾಯತಿನಲ್ಲಿ ಅಮೆರಿಕದ ಪಡೆಗಳು ವಿಮಾನದ ಓಡುದಾರಿ, ಶಿಬಿರಗಳನ್ನು ಕಟ್ಟಿದವು, ಹೊಂಡುರಾಸ್ ಸೈನಿಕರಿಗೆ ತರಬೇತಿ ಕೊಟ್ಟವು, ಹಳ್ಳಿಗಳಲ್ಲಿ ಚಿಕಿತ್ಸೆ, ಲಸಿಕೆ ನೀಡಿದವು. ಎಲ್ಲವನ್ನೂ ಓ ಅಂಡ್ ಎಂ ಹಣದಲ್ಲೇ ಮಾಡಲಾಯಿತು. ಕವಾಯತಿಗೆ ಬೇಕಾದದ್ದೆಲ್ಲ ಕಾರ್ಯಾಚರಣೆಯ ಖರ್ಚೇ ಎಂಬುದು ರಕ್ಷಣಾ ಇಲಾಖೆಯ ವಾದ. 1984ರ ಜೂನ್ 22ರಂದು ಕಂಪ್ಟ್ರೋಲರ್ ಜನರಲ್ (ಕಾಂಗ್ರೆಸ್ಸಿನ ಲೆಕ್ಕಪರಿಶೋಧನಾ ಸಂಸ್ಥೆಯ ಮುಖ್ಯಸ್ಥರು) ಈ ವಾದವನ್ನು ಒಪ್ಪಲಿಲ್ಲ. ಓ ಅಂಡ್ ಎಂ ಹಣದಿಂದ ಮಾಡಬಹುದಾದ ಸಣ್ಣ ನಿರ್ಮಾಣಕ್ಕೆ ಆಗ ಒಂದು ಯೋಜನೆಗೆ 2 ಲಕ್ಷ ಡಾಲರ್ ಮಿತಿ ಇತ್ತು. ಕವಾಯತು ಎಂಬ ಕಾರಣಕ್ಕೆ ಆ ಮಿತಿ ಸಡಿಲವಾಗದು ಎಂದರು. ಪೂರ್ಣ ಪ್ರಮಾಣದ ತರಬೇತಿಯ ಹಣ ಭದ್ರತಾ ನೆರವಿನ ಅನುದಾನದಿಂದ ಬರಬೇಕು, ಹಳ್ಳಿಯ ಚಿಕಿತ್ಸೆಯದು ವಿದೇಶಿ ನೆರವಿನಿಂದ ಎಂದರು.

ನಿರ್ಮಾಣದ ಮಿತಿ ಈಗ ದೊಡ್ಡದು. 2024ರ ಆರ್ಥಿಕ ವರ್ಷದ ರಕ್ಷಣಾ ಅಧಿಕಾರ ಕಾಯ್ದೆ ಅದನ್ನು 20 ಲಕ್ಷದಿಂದ 40 ಲಕ್ಷ ಡಾಲರಿಗೆ ಏರಿಸಿತು. ಕಷ್ಟ ಇರುವುದು ಮಿತಿಯೊಳಗೆ ಯಾವುದನ್ನು ಎಣಿಸಬೇಕು ಎಂಬಲ್ಲಿ. ಒಂದು ಲೆಕ್ಕ ಹಾಕಿ ನೋಡಿ. ಸೈನಿಕರೇ ಕಟ್ಟುವ ಒಂದು ಗೋದಾಮು: ಸಿಮೆಂಟು, ಕಬ್ಬಿಣ, ಜಲ್ಲಿ 22 ಲಕ್ಷ, ವಿದ್ಯುತ್ ಕೆಲಸದ ಗುತ್ತಿಗೆ 13 ಲಕ್ಷ, ಯಂತ್ರಗಳ ಇಂಧನ 2 ಲಕ್ಷ, ಕೆಲಸಕ್ಕೆ ಬಂದ ಸೈನಿಕರ ಪ್ರಯಾಣ ಮತ್ತು ದಿನಭತ್ಯೆ 4 ಲಕ್ಷ, ಅವರ ಸಂಬಳ 9 ಲಕ್ಷ, ಸರ್ಕಾರಿ ಯಂತ್ರಗಳ ಸವಕಳಿ 3 ಲಕ್ಷ. ಸಂಬಳ, ಸವಕಳಿ ಎರಡನ್ನೂ ಮಿತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಯೋಜನೆ, ವಿನ್ಯಾಸದ ಖರ್ಚೂ ಹಾಗೆಯೇ. ಉಳಿದ ನಾಲ್ಕೂ ಸೇರುತ್ತವೆ: 41 ಲಕ್ಷ. ಮಿತಿ ಮೀರಿತು. ಸಾಮಗ್ರಿ, ಗುತ್ತಿಗೆ ಮಾತ್ರ ಕೂಡಿಸಿದವರಿಗೆ 35 ಲಕ್ಷ ಎಂದು ಕಾಣುತ್ತದೆ, ಕಡತ ಮುಂದೆ ಹೋಗುತ್ತದೆ, ಡೀಸೆಲ್, ಪ್ರಯಾಣಭತ್ಯೆಯ ಬಿಲ್ಲುಗಳು ಬಂದಾಗ ತಪ್ಪು ಹೊರಬೀಳುತ್ತದೆ. ಆಗ ಗೋದಾಮನ್ನು ‘ಕಟ್ಟಡ’, ‘ವಿದ್ಯುತ್’ ಎಂದು ಎರಡು ಯೋಜನೆಯಾಗಿ ಒಡೆಯುವ ಹಾಗೂ ಇಲ್ಲ. ಪೂರ್ಣವಾಗಿ ಬಳಕೆಗೆ ಬರುವ ಸೌಲಭ್ಯಕ್ಕೆ ಬೇಕಾದ ಕೆಲಸವೆಲ್ಲ ಒಂದೇ ಯೋಜನೆ.

ತಾತ್ಕಾಲಿಕ ಕಟ್ಟಡ ನಿರ್ಮಾಣವೇ ಅಲ್ಲ ಎಂಬ ಹಳೆಯ ವಾದ ಇರಾಕ್ ಯುದ್ಧದ ಹೊತ್ತಿಗೆ ಮತ್ತೆ ಎದ್ದಿತು. ಕಾಂಗ್ರೆಸ್ ಅದಕ್ಕೆ ಮಣಿಯಲಿಲ್ಲ. 2004ರ ಆರ್ಥಿಕ ವರ್ಷದಿಂದ ಯುದ್ಧಭೂಮಿಯ ನಿರ್ಮಾಣಕ್ಕೆ ಓ ಅಂಡ್ ಎಂ ಹಣ ಬಳಸಲು ಮೊತ್ತಕ್ಕೂ ಅವಧಿಗೂ ಮಿತಿ ಹಾಕಿ, ವರದಿ ಒಪ್ಪಿಸುವ ಷರತ್ತಿನೊಂದಿಗೆ ಪ್ರತ್ಯೇಕ ಅಧಿಕಾರ ಕೊಟ್ಟಿತು. ಇದೇ ಸರಿಯಾದ ದಾರಿ ಎನ್ನಬೇಕು: ಅಗತ್ಯವಿದ್ದರೆ ಶಾಸನ ಕೇಳಬೇಕು, ಶೀರ್ಷಿಕೆಯನ್ನು ಹಿಗ್ಗಿಸಬಾರದು.

ವಿದೇಶಿ ನೆರವಿನಲ್ಲಿ ಮೂಲ ನಿಯಮವೆಂದರೆ ಅದು ವಿದೇಶಾಂಗ ಇಲಾಖೆಯ ಕ್ಷೇತ್ರ (1961ರ ವಿದೇಶಿ ನೆರವು ಕಾಯ್ದೆ). ರಕ್ಷಣಾ ಇಲಾಖೆಯ ಹಣ ಬಳಸಲು ನಿರ್ದಿಷ್ಟ ಶಾಸನ ಬೇಕು. ಹೊಂಡುರಾಸ್ ಪ್ರಕರಣದ ನಂತರ ಬಂದ, ಅಮೆರಿಕದ ಕಾನೂನು ಸಂಹಿತೆಯ 10ನೇ ಭಾಗದ (ಸೇನೆಯ ಕಾನೂನುಗಳು) 401ನೇ ಸೆಕ್ಷನ್, ಪಡೆಗಳ ತರಬೇತಿಯ ಜೊತೆಗೇ ಮಾಡುವ ಮಾನವೀಯ ಕೆಲಸಕ್ಕೆ ಅವಕಾಶ ಕೊಡುತ್ತದೆ. ಮಿತ್ರಪಡೆಗಳ ಸಾಮರ್ಥ್ಯ ಬೆಳೆಸಲು 333ನೇ ಸೆಕ್ಷನ್ ಇದೆ. ಜಂಟಿ ಕವಾಯತಿಗೆ ಮುನ್ನ ಒಬ್ಬರ ರೇಡಿಯೋ ಇನ್ನೊಬ್ಬರು ಬಳಸಲು, ಸುರಕ್ಷತೆಗೆ ಬೇಕಾದಷ್ಟು ಪರಿಚಯ ಮಾಡಿಕೊಡುವುದು ತಮ್ಮದೇ ಪಡೆಯ ಖರ್ಚು ಎಂದು ಅಮೆರಿಕನ್ನರು ಲೆಕ್ಕ ಹಾಕಬಹುದು. ಆದರೆ ಫಿರಂಗಿ ನಡೆಸುವುದನ್ನು ಮೊದಲಿಂದ ಕಲಿಸಿದರೆ ಅದು ನೆರವು. ಯಾರಿಗೆ ಮುಖ್ಯ ಲಾಭ, ಎಷ್ಟು ಅವಧಿ, ಎಷ್ಟು ಖರ್ಚು ಎಂಬುದನ್ನು ಒಟ್ಟಾಗಿ ನೋಡಿ ತೀರ್ಮಾನಿಸಬೇಕು.

ತಪ್ಪು ಶೀರ್ಷಿಕೆಗೆ ಹಾಕಿದ್ದೆಲ್ಲ ಕೂಡಲೇ ಆಂಟಿಡೆಫಿಷಿಯೆನ್ಸಿ ಕಾಯ್ದೆಯ (ಅನುದಾನ ಮೀರಿ ಖರ್ಚು ಮಾಡಬಾರದೆನ್ನುವ ಕಾನೂನು) ಉಲ್ಲಂಘನೆಯಾಗುವುದಿಲ್ಲ. ಸರಿಯಾದ ಶೀರ್ಷಿಕೆಯಲ್ಲಿ ಕರಾರಿನ ದಿನವೂ, ತಿದ್ದುವ ದಿನವೂ, ನಡುವೆ ಎಲ್ಲ ದಿನವೂ ಹಣ ಇದ್ದಿದ್ದರೆ ಲೆಕ್ಕ ತಿದ್ದಿ ಸರಿಪಡಿಸಬಹುದು. ಇಲ್ಲದಿದ್ದರೆ ಉಲ್ಲಂಘನೆಯೇ: ಅಧ್ಯಕ್ಷರಿಗೂ ಕಾಂಗ್ರೆಸ್ಸಿಗೂ ವರದಿ ಹೋಗಬೇಕು, ಕಂಪ್ಟ್ರೋಲರ್ ಜನರಲ್‌ಗೆ ಪ್ರತಿ, ಹೊಣೆಗಾರರ ಮೇಲೆ ಇಲಾಖಾ ಶಿಸ್ತುಕ್ರಮ, ಬೇಕೆಂದೇ ಮಾಡಿದ್ದರೆ 5,000 ಡಾಲರ್ ತನಕ ದಂಡ, 2 ವರ್ಷದ ತನಕ ಸೆರೆ, ಅಥವಾ ಎರಡೂ.