ಒಂದೇ ಪಟ್ಟಿ, ಬಗೆಗೊಂದು ಸಾಲು

ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ದಿನದ ವ್ಯವಹಾರವೆಲ್ಲ ಒಂದೇ ಪಟ್ಟಿಯಲ್ಲಿ, ನಡೆದ ಹೊತ್ತಿನ ಪ್ರಕಾರ ಕಾಣಬೇಕು ಅಂದಿದ್ದರು ಮಾಲೀಕರು. ಮೆಣಸಿನಕಾಯಿ ಲಾಟ್ ಬಂದರೆ ಎಷ್ಟು ಚೀಲ, ತಳಿ ಡಬ್ಬಿಯೋ ಕಡ್ಡಿಯೋ, ಕ್ವಿಂಟಲ್‌ಗೆ ಏನು ದರ. ರೈತರಿಗೆ ಹಣ ಕೊಟ್ಟರೆ ಮೊತ್ತ, ನಗದೋ ಚೆಕ್ಕೋ. ಹಮಾಲಿ ಕೂಲಿ ಮತ್ತೆ ಬೇರೆ.

ಮೊದಲು ಎಲ್ಲ ಖಾನೆಗಳನ್ನೂ ಒಂದೇ ಸಾಲಿನಲ್ಲಿ ತುಂಬಿ, ಬೇಡದ್ದನ್ನು ಕೋಡ್‌ನಿಂದ ಮರೆಮಾಡಿದ್ದೆ. ಪಟ್ಟಿ ಬೇಗ ಸರಿಯಲಿ ಎಂದು ಸಾಲುಗಳನ್ನು ಮರುಬಳಕೆ ಮಾಡುವ ಸೆಟ್ಟಿಂಗ್ ಕೂಡ ಹಾಕಿದ್ದೆ. ಒಂದು ದಿನ ಹಮಾಲಿ ಸಾಲಿನಲ್ಲಿ ಯಾವುದೋ ಲಾಟಿನ ದರದ ಖಾನೆ ತೆರೆದೇ ಉಳಿದಿತ್ತು. ಹಣದ ಲೆಕ್ಕದಲ್ಲಿ ಇಂಥದ್ದು ನಡೆಯಬಾರದು, ಅಲ್ವಾ?

ನಾನು ಬಳಸಿದ್ದು ಡಬ್ಲ್ಯುಪಿಎಫ್, ಅಂದರೆ ವಿಂಡೋಸ್ ತಂತ್ರಾಂಶಗಳ ಪರದೆ ಕಟ್ಟಲು ಮೈಕ್ರೋಸಾಫ್ಟ್ ಕೊಟ್ಟ ಸಲಕರಣೆ. 2006ರಲ್ಲಿ ಡಾಟ್‌ನೆಟ್ 3.0 ಜೊತೆ ಬಂದ ಇದರಲ್ಲಿ ಈ ತೊಂದರೆಗೆ ಮೊದಲಿನಿಂದಲೂ ಮದ್ದಿದೆ. ಲಾಟ್, ಪಾವತಿ, ಹಮಾಲಿ ಹೀಗೆ ಕೋಡ್‌ನಲ್ಲಿ ಬಗೆಗೊಂದು ಕ್ಲಾಸ್ ಇರಲಿ. ಪ್ರತಿ ಕ್ಲಾಸಿಗೂ ಒಂದು ಡೇಟಾ ಟೆಂಪ್ಲೇಟ್, ಅಂದರೆ ಅದರ ಸಾಲು ಹೇಗೆ ಕಾಣಬೇಕೆಂಬ ನಕ್ಷೆ, ಬರೆಯಿರಿ. ಅದರ ಡೇಟಾಟೈಪ್‌ನಲ್ಲಿ ಕ್ಲಾಸಿನ ಹೆಸರು ಕೊಡಿ, ಟೆಂಪ್ಲೇಟಿಗೇ ಪ್ರತ್ಯೇಕ ಹೆಸರಾದ ಕೀ ಕೊಡಬೇಡಿ. ಪಟ್ಟಿಗೆ ಲಾಟ್ ಬಂದರೆ ಲಾಟಿನ ಟೆಂಪ್ಲೇಟ್, ಪಾವತಿ ಬಂದರೆ ಪಾವತಿಯದ್ದು ತಾನಾಗಿ ಕೂರುತ್ತದೆ. ಆ ಕ್ಲಾಸಿಗೇ ಟೆಂಪ್ಲೇಟ್ ಇಲ್ಲದಿದ್ದರೆ ಅದರ ಮೂಲ ಕ್ಲಾಸಿನದ್ದನ್ನು ಹುಡುಕುತ್ತದೆ. ಕ್ಲಾಸಿನ ಬದಲು ಇಂಟರ್‌ಫೇಸ್ (ಕ್ಲಾಸಿನಲ್ಲಿ ಏನೇನಿರಬೇಕೆಂದು ಹೇಳುವ ಒಪ್ಪಂದ) ಹೆಸರು ಕೊಟ್ಟರೆ ಮಾತ್ರ ಈ ಹುಡುಕಾಟ ನಡೆಯುವುದಿಲ್ಲ.

ಎಡವುವ ಜಾಗವೂ ಇದೆ. ಟೆಂಪ್ಲೇಟ್ ಬರೆದ ಮೇಲೂ ನನ್ನ ಪಟ್ಟಿ ಬದಲಾಗಲೇ ಇಲ್ಲ. ಎಲ್ಲ ಸಾಲಿಗೂ ಒಂದೇ ಎಂದು ಪಟ್ಟಿಗೆ ಕೊಟ್ಟಿದ್ದ ಹಳೆಯ ಐಟಂ ಟೆಂಪ್ಲೇಟ್ ಹಾಗೇ ಉಳಿದಿತ್ತು. ಅದು ಇದ್ದರೆ ಟೈಪ್ ನೋಡಿ ಹುಡುಕುವ ಕೆಲಸವೇ ನಡೆಯುವುದಿಲ್ಲ. ಅದನ್ನು ತೆಗೆದೆ. ಆಗ ಮುಂಗಡದ ಸಾಲುಗಳಲ್ಲಿ ಸುಮ್ನೆ ಕ್ಲಾಸಿನ ಪೂರ್ತಿ ಹೆಸರು ಕಾಣಿಸಿತು. ಮುಂಗಡಕ್ಕೆ ಟೆಂಪ್ಲೇಟ್ ಬರೆಯುವುದೇ ಬಿಟ್ಟುಹೋಗಿತ್ತು. ಯಾವ ಟೆಂಪ್ಲೇಟೂ ಸಿಗದಿದ್ದರೆ ಕ್ಲಾಸಿನ ಟು-ಸ್ಟ್ರಿಂಗ್ ಕೊಟ್ಟ ಪಠ್ಯವೇ ತೆರೆಯ ಮೇಲೆ ಬರುತ್ತದೆ; ಅದನ್ನು ನಾವು ಬರೆಯದಿದ್ದರೆ ಕ್ಲಾಸಿನ ಹೆಸರನ್ನೇ ಕೊಡುತ್ತದೆ. ಈ ಗುರುತು ನೆನಪಿದ್ದರೆ ತಪ್ಪು ಹುಡುಕಲು ಜಾಸ್ತಿ ಹೊತ್ತು ಬೇಕಾಗುವುದಿಲ್ಲ.

ಹಾಗಂತ ಎಲ್ಲಕ್ಕೂ ಕ್ಲಾಸ್ ಮಾಡಬೇಡಿ. ಮಾರುಕಟ್ಟೆಯಲ್ಲಿ ಡಬ್ಬಿಯೇ ಬೇರೆ, ಕಡ್ಡಿಯೇ ಬೇರೆ. ನಮ್ಮ ಪಟ್ಟಿಯಲ್ಲಿ ಎರಡಕ್ಕೂ ಅದೇ ಖಾನೆಗಳು. ಅಲ್ಲಿಗೆ ತಳಿ ಎಂಬ ಒಂದು ಪ್ರಾಪರ್ಟಿ ಸಾಕು. ಖಾನೆಗಳೇ ಬದಲಾದಾಗ ಮಾತ್ರ ನಾನು ಬೇರೆ ಕ್ಲಾಸ್ ಮಾಡುತ್ತೇನೆ.

ಟೆಂಡರ್ ಮುಗಿದ ಲಾಟ್ ಹಸಿರಾಗಬೇಕು ಎಂಬ ಬೇಡಿಕೆ ಆಮೇಲೆ ಬಂತು. ಇದಕ್ಕೆ ಯಾವ ಸಾಲಿಗೆ ಯಾವ ಟೆಂಪ್ಲೇಟ್ ಎಂದು ಆರಿಸುವ ಟೆಂಪ್ಲೇಟ್ ಸೆಲೆಕ್ಟರ್ ಬರೆದು ನೋಡಿದೆ. ಬಣ್ಣ ಬದಲಾಗಲಿಲ್ಲ. ಸಾಲು ಸಿದ್ಧವಾಗುವಾಗ ಒಮ್ಮೆ ಡಬ್ಲ್ಯುಪಿಎಫ್ ಸೆಲೆಕ್ಟರನ್ನು ಕೇಳುತ್ತದೆ. ಆಮೇಲೆ ಪ್ರಾಪರ್ಟಿ ಬದಲಾದರೆ ಮತ್ತೆ ಕೇಳುವುದಿಲ್ಲ. ಸೆಲೆಕ್ಟರ್ ಬಿಟ್ಟು, ಲಾಟಿನ ಟೆಂಪ್ಲೇಟ್ ಒಳಗೇ ಒಂದು ಡೇಟಾ ಟ್ರಿಗರ್, ಅಂದರೆ ಪ್ರಾಪರ್ಟಿಯ ಬೆಲೆ ನೋಡಿ ನೋಟ ಬದಲಿಸುವ ನಿಯಮ, ಹಾಕಿದೆ. ಲಾಟ್ ಕ್ಲಾಸು ಪ್ರಾಪರ್ಟಿ ಬದಲಾದ ಸುದ್ದಿಯನ್ನು ಮೊದಲೇ ಕೊಡುತ್ತಿತ್ತು. ಹಾಗಾಗಿ ಟೆಂಡರ್ ದರ ತುಂಬಿದ ಕೂಡಲೇ ಸಾಲು ಹಸಿರಾಯಿತು.