ಪೊಕಹಾಂಟಸ್ ನಮ್ಮ ಮೂಲಜ್ಜಿಯೇ? ಡಿಎನ್‌ಎ ಸುಮ್ಮನಾದಲ್ಲಿ ಕ್ರಯಪತ್ರ ಮಾತಾಡುತ್ತದೆ

ಥೇಮ್ಸ್ ನದಿಯ ದಡದ ಗ್ರೇವ್‌ಸೆಂಡ್ ಊರಿನ ಸೇಂಟ್ ಜಾರ್ಜ್ ಚರ್ಚಿನ ದಾಖಲೆ ಪುಸ್ತಕದಲ್ಲಿ ಒಂದು ಸಾಲಿದೆ: ಥಾಮಸ್ ರಾತ್ ಎಂಬವರ ಹೆಂಡತಿ, ವರ್ಜೀನಿಯಾದಲ್ಲಿ ಹುಟ್ಟಿದ ರೆಬೆಕ್ಕಾ ರಾತ್‌ರನ್ನು ಇಲ್ಲಿ ಹೂಳಲಾಯಿತು. ತಾರೀಕು 1616ರ ಮಾರ್ಚ್ 21. ಈ ರೆಬೆಕ್ಕಾ ಬೇರೆ ಯಾರೂ ಅಲ್ಲ, ಅಮೆರಿಕದ ಮೂಲನಿವಾಸಿಗಳಾದ ಪೊವ್ಹಾಟನ್ ಜನರ ಒಡೆಯನ ಮಗಳು ಪೊಕಹಾಂಟಸ್. ಗಂಡನ ಹೆಸರು ಜಾನ್ ರಾಲ್ಫ್, ಮಗನ ಹೆಸರು ಥಾಮಸ್. ಬರೆದವರು ಅಪ್ಪ-ಮಗನ ಹೆಸರನ್ನು ಕಲಸಿ, ಮನೆತನದ ಹೆಸರನ್ನೂ ಕೆಡಿಸಿದ್ದಾರೆ. ವರ್ಷ ಮಾತ್ರ ತಪ್ಪಲ್ಲ. 1752ರವರೆಗೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅವರ 1616ರ ಮಾರ್ಚ್ 21 ನಮ್ಮ ಲೆಕ್ಕದಲ್ಲಿ 1617.

ಅಮೆರಿಕದಲ್ಲಿ ಎಷ್ಟೋ ಕುಟುಂಬಗಳು ತಾವು ಪೊಕಹಾಂಟಸ್ ಸಂತತಿ ಎಂದು ನಂಬಿವೆ. ಡಿಎನ್‌ಎ ಪರೀಕ್ಷೆಯ ಕಿಟ್ ಮನೆಬಾಗಿಲಿಗೇ ಬರುವ ಕಾಲದಲ್ಲಿ ಆ ನಂಬಿಕೆಯನ್ನು ಒರೆಗೆ ಹಚ್ಚುವುದು ಸುಲಭ ಅನ್ನಿಸುತ್ತದೆ. ಆದರೆ ಈ ವಂಶದ ಮಟ್ಟಿಗೆ ಡಿಎನ್‌ಎಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಹೋಗಿವೆ.

ಮೊದಲು ಮೈಟೊಕಾಂಡ್ರಿಯಾದ ಡಿಎನ್‌ಎ ನೋಡಿ. ಅದು ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತದೆ, ಮುಂದೆ ದಾಟುವುದು ಹೆಣ್ಣುಮಕ್ಕಳ ಮೂಲಕ ಮಾತ್ರ. ದಾಖಲೆಗಳಲ್ಲಿ ಪೊಕಹಾಂಟಸ್‌ಗೆ ಇರುವುದು ಒಬ್ಬನೇ ಮಗ, 1615ರಲ್ಲಿ ಹುಟ್ಟಿದ ಥಾಮಸ್. ಆ ಎಳೆ ಅವನಲ್ಲೇ ಮುಗಿಯಿತು. ವೈ ವರ್ಣತಂತು ತಂದೆಯಿಂದ ಮಗನಿಗೆ ಹೋಗುತ್ತದೆ. ಥಾಮಸ್‌ಗೆ ದಾಖಲೆಯಲ್ಲಿರುವ ಸಂತಾನ ಮಗಳು ಜೇನ್ ಒಬ್ಬಳೇ. ಹಾಗಾಗಿ ಜಾನ್ ರಾಲ್ಫ್‌ನ ವೈ ವರ್ಣತಂತು ಕೂಡ ಈ ಶಾಖೆಯಲ್ಲಿ ಅಲ್ಲಿಗೇ ನಿಂತಿತು.

ಉಳಿದದ್ದು ಮಿಕ್ಕ 22 ಜೋಡಿ ವರ್ಣತಂತುಗಳ ಡಿಎನ್‌ಎ, ಅಂದರೆ ಆಟೋಸೋಮಲ್ ಡಿಎನ್‌ಎ. ಇಂದಿನವರಿಂದ ಪೊಕಹಾಂಟಸ್‌ವರೆಗೆ ಸುಮಾರು 13 ತಲೆಮಾರು ಎಂದಿಟ್ಟುಕೊಳ್ಳಿ. ಆ ಮಟ್ಟದಲ್ಲಿ ಒಬ್ಬ ವ್ಯಕ್ತಿಯ ವಂಶವೃಕ್ಷದಲ್ಲಿ 8192 ಸ್ಥಾನಗಳಿವೆ. ಆದರೆ ಡಿಎನ್‌ಎ ಹಿಟ್ಟಿನ ಹಾಗೆ ಸಮವಾಗಿ ಹಂಚಿಹೋಗುವುದಿಲ್ಲ, ತುಂಡುತುಂಡಾಗಿ ಬರುತ್ತದೆ. ಒಬ್ಬ ಪೋಷಕರ ಕಡೆಯಿಂದ ಬಂದ 22 ವರ್ಣತಂತುಗಳು ಪ್ರತಿ ತಲೆಮಾರಿಗೆ ಸರಾಸರಿ 33 ಕಡೆ ಕತ್ತರಿಸಿ ಸೇರುತ್ತವೆ. 13 ತಲೆಮಾರು ಹಿಂದೆ ಹೋದರೆ 22 + 33 × 12, ಒಟ್ಟು 418 ತುಂಡು. ಅವು ಆ ಕಡೆಯ 4096 ಪೂರ್ವಜರ ನಡುವೆ ಹಂಚಿಹೋಗಬೇಕು. ಒಬ್ಬೊಬ್ಬರ ಪಾಲಿಗೆ ಸರಾಸರಿ 0.1 ತುಂಡು. ಅರ್ಥ ಇಷ್ಟೆ: ನಿಜವಾದ ವಂಶಸ್ಥರೇ ಆದರೂ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯ ಮೈಯಲ್ಲಿ ಪೊಕಹಾಂಟಸ್‌ಳ ಆಟೋಸೋಮಲ್ ಡಿಎನ್‌ಎ ಒಂದು ಚೂರೂ ಇರುವುದಿಲ್ಲ. ವಂಶ ಬೇರೆ, ಡಿಎನ್‌ಎ ಬೇರೆ.

ಆ ಹತ್ತನೆಯವರಲ್ಲಿ ಒಂದು ತುಂಡು ಉಳಿದಿದ್ದರೂ ಅದು ಆಕೆಯದೇ ಎಂದು ಗುರುತಿಸಲು ಹೋಲಿಸಬೇಕಾದ ಮಾದರಿಯೇ ಇಲ್ಲ. ಗ್ರೇವ್‌ಸೆಂಡ್‌ನ ಹಳೆಯ ಚರ್ಚು 1727ರಲ್ಲಿ ಸುಟ್ಟುಹೋಯಿತು, ಸಮಾಧಿಯ ಜಾಗ ಯಾರಿಗೂ ಗೊತ್ತಿಲ್ಲ. ಪರೀಕ್ಷಾ ವರದಿಯಲ್ಲಿ ‘ಅಮೆರಿಕದ ಮೂಲನಿವಾಸಿ 0.4%’ ಎಂದು ಬಂದರೆ ಹಿಗ್ಗಬೇಡಿ, 0% ಬಂದರೆ ಕುಗ್ಗಬೇಡಿ. ಅಷ್ಟು ಸಣ್ಣ ಅಂಕಿ ಬರೀ ಲೆಕ್ಕಾಚಾರದ ಏರುಪೇರೂ ಆಗಿರಬಹುದು.

ಹಾಗಾದರೆ ಈ ವಂಶ ಸಾಬೀತಾದದ್ದು ಹೇಗೆ? ಜಮೀನಿನ ಕಾಗದದಿಂದ. 1698ರಲ್ಲಿ ವರ್ಜೀನಿಯಾದ ಜಾನ್ ಬೋಲಿಂಗ್ ಸರ್ರಿ ಕೌಂಟಿಯ ‘ಸ್ಮಿತ್ಸ್ ಫೋರ್ಟ್’ ಜಮೀನನ್ನು ಮಾರಿದ. ಮಾರುವವನಿಗೆ ಹಕ್ಕು ಎಲ್ಲಿಂದ ಬಂತು ಎಂಬುದನ್ನು ಪತ್ರದಲ್ಲೇ ಬರೆಯಬೇಕಾಯಿತು: ತಾನು ರಾಬರ್ಟ್ ಬೋಲಿಂಗ್‌ನ ಹೆಂಡತಿಯಾಗಿದ್ದ ದಿವಂಗತ ಜೇನ್‌ಳ ಮಗ ಮತ್ತು ವಾರಸುದಾರ, ಆ ಜೇನ್ ದಿವಂಗತ ಥಾಮಸ್ ರಾಲ್ಫ್‌ನ ಒಬ್ಬಳೇ ಮಗಳು. ಒಂದೇ ವಾಕ್ಯದಲ್ಲಿ ಮೂರು ತಲೆಮಾರು. ಹೊಗಳಿಕೆಗಾಗಿ ಬರೆದ ವಂಶಚರಿತ್ರೆಗಿಂತ ದುಡ್ಡಿಗಾಗಿ ಬರೆದ ಕ್ರಯಪತ್ರವೇ ಹೆಚ್ಚು ನಂಬಿಕೆಗೆ ಅರ್ಹ. ಅದರಲ್ಲಿ ಸುಳ್ಳಿದ್ದರೆ ಕೊಂಡವನು ಕೋರ್ಟಿಗೆ ಹೋಗುತ್ತಿದ್ದ.

ಇದರಿಂದ ಒಂದು ಗಟ್ಟಿ ಪರೀಕ್ಷೆ ಸಿಗುತ್ತದೆ. ಜಾನ್ ಬೋಲಿಂಗ್‌ಗೆ ಆರು ಮಕ್ಕಳು: ಮಗ ಜಾನ್, ಮತ್ತು ರ‍್ಯಾಂಡಾಲ್ಫ್, ಗೇ, ಫ್ಲೆಮಿಂಗ್, ಎಲ್ಡ್ರಿಜ್, ಮರ‍್ರೆ ಮನೆತನಗಳಿಗೆ ಮದುವೆಯಾಗಿ ಹೋದ ಐವರು ಹೆಣ್ಣುಮಕ್ಕಳು. ನಿಮ್ಮ ವಂಶವೃಕ್ಷ ಈ ಆರರಲ್ಲಿ ಒಬ್ಬರ ಮೂಲಕ ಹಾಯದಿದ್ದರೆ ಅದು ಸಾಬೀತಾದ ಶಾಖೆಯಲ್ಲ. ಈ ಸಂತತಿಗೆ ‘ಕೆಂಪು ಬೋಲಿಂಗ್’ ಎಂಬ ಹೆಸರಿದೆ. ರಾಬರ್ಟ್‌ನ ಎರಡನೇ ಹೆಂಡತಿ ಆನ್ ಸ್ಟಿತ್‌ಳ ಮಕ್ಕಳ ಕಡೆಯವರು ‘ಬಿಳಿ ಬೋಲಿಂಗ್’, ಅವರಿಗೂ ಪೊಕಹಾಂಟಸ್‌ಗೂ ರಕ್ತಸಂಬಂಧವಿಲ್ಲ. ಜೇನ್ ವಂಶಕ್ಕೆ ಸೇರಿದವರೆನ್ನುವ, ಆದರೆ ಕಾಗದದ ಆಧಾರವಿಲ್ಲದ ಇನ್ನೊಂದು ಗುಂಪು ‘ನೀಲಿ ಬೋಲಿಂಗ್’. ವೈ ವರ್ಣತಂತಿನ ಪರೀಕ್ಷೆ ಇಲ್ಲಿ ಅರ್ಧ ದಾರಿಗೆ ಮಾತ್ರ ಬರುತ್ತದೆ. ಬೋಲಿಂಗ್ ಹೆಸರಿನ ಗಂಡಸಿನ ಫಲಿತಾಂಶ ರಾಬರ್ಟ್‌ನ ಶಾಖೆಗೆ ಹೊಂದದಿದ್ದರೆ ನೇರ ಗಂಡುಸಾಲಿನ ವಾದ ಬಿದ್ದುಹೋಗುತ್ತದೆ. ಹೊಂದಿದರೂ ತಾಯಿ ಜೇನೋ ಆನೋ ತಿಳಿಯುವುದಿಲ್ಲ. ಕೆಂಪು, ಬಿಳಿ ಎರಡಕ್ಕೂ ಅಪ್ಪ ಒಬ್ಬನೇ.

ಹುಡುಕಾಟ ಶುರುವಾಗಬೇಕಾದ್ದು ಪೊಕಹಾಂಟಸ್‌ಳಿಂದಲ್ಲ, ನಿಮ್ಮಿಂದ. ಒಂದೊಂದೇ ತಲೆಮಾರು ಹಿಂದೆ ಸರಿಯಿರಿ, ಪ್ರತಿ ಮೆಟ್ಟಿಲಿನಲ್ಲೂ ಇವರು ಇವರ ಮಗು ಎನ್ನುವ ಕಾಗದ ಕೈಯಲ್ಲಿರಲಿ. ವರ್ಜೀನಿಯಾದಲ್ಲಿ ರಾಜ್ಯಮಟ್ಟದ ಜನನ ಮರಣ ನೋಂದಣಿ ಶುರುವಾದದ್ದು 1853ರಲ್ಲಿ, 1896ರಿಂದ 1912ರ ನಡುವೆ ಅದೂ ಇಲ್ಲ. ಮನೆಯ ಯಜಮಾನನಿಗೆ ಯಾರು ಏನಾಗಬೇಕು ಎಂದು ಜನಗಣತಿ ಬರೆದದ್ದು 1880ರಿಂದ. ಗುಲಾಮರನ್ನು ಬಿಟ್ಟು ಮನೆಯ ಎಲ್ಲರ ಹೆಸರು ಬರೆದದ್ದು 1850ರಿಂದ, ಅದಕ್ಕೆ ಮುಂಚೆ ಯಜಮಾನನ ಹೆಸರಷ್ಟೆ. ಅಲ್ಲಿಂದಾಚೆಗೆ ಉಯಿಲು, ಕ್ರಯಪತ್ರ, ತೆರಿಗೆ ಪಟ್ಟಿಗಳೇ ಗತಿ.

ಹೆಚ್ಚಿನ ವಂಶವೃಕ್ಷಗಳು ಮುರಿಯುವುದು 1750ರಿಂದ 1850ರ ಈ ಶತಮಾನದಲ್ಲಿ, ಅದೂ ಒಂದೇ ಹೆಸರಿನ ಇಬ್ಬರನ್ನು ಒಬ್ಬನೆಂದು ಎಣಿಸಿದಾಗ. ‘ಸೀನಿಯರ್’, ‘ಜೂನಿಯರ್’ ಎಂದಿದ್ದರೆ ಅಪ್ಪ-ಮಗ ಎಂದುಕೊಳ್ಳಬೇಡಿ. ಊರಿನಲ್ಲಿ ಅದೇ ಹೆಸರಿನ ಹಿರಿಯ, ಕಿರಿಯ ಎಂಬುದಷ್ಟೇ ಆಗ ಅದರ ಅರ್ಥ. ಇಬ್ಬರನ್ನು ಬೇರ್ಪಡಿಸಲು ಜಮೀನು ಯಾವ ಹಳ್ಳದ ಪಕ್ಕದಲ್ಲಿದೆ, ಅಕ್ಕಪಕ್ಕದವರು ಯಾರು, ಪತ್ರಕ್ಕೆ ಸಹಿ ಹಾಕಿದನೋ ಗುರುತು ಹಾಕಿದನೋ, ಮಾರುವಾಗ ಆ ಜಮೀನಿನ ಮೇಲಿನ ತನ್ನ ಹಕ್ಕು ಬಿಟ್ಟುಕೊಟ್ಟ ಹೆಂಡತಿಯ ಹೆಸರೇನು ಎಂದು ನೋಡಿ. ಉಯಿಲಿನಲ್ಲಿ ಹಿರಿಮಗನ ಹೆಸರಿಲ್ಲದಿದ್ದರೆ ಅವನು ಸತ್ತನೆಂದು ಬರೆದುಬಿಡಬೇಡಿ. 1785ರ ಕಾಯ್ದೆ ಬರುವವರೆಗೆ ಉಯಿಲಿಗೆ ಸೇರದ ಜಮೀನು ತಾನಾಗಿ ಹಿರಿಮಗನಿಗೇ ಹೋಗುತ್ತಿತ್ತು. ಕೊಂಡ ದಾಖಲೆ ಇಲ್ಲದ ಜಮೀನನ್ನು ಒಬ್ಬ ಮಾರಿದ್ದರೆ ಅದು ಪಿತ್ರಾರ್ಜಿತವಾಗಿರಬಹುದು, ಆ ಸುಳಿವು ಹಿಡಿದು ಹಿಂದೆ ಹೋಗಿ. ಜೇಮ್ಸ್ ಸಿಟಿಯಂಥ ಕೌಂಟಿಗಳ ಕಾಗದಗಳು 1865ರಲ್ಲಿ ರಿಚ್ಮಂಡ್‌ನಲ್ಲಿ ಸುಟ್ಟುಹೋದವು. ಅಂಥ ಕಡೆ ನೆರೆಯ ಕೌಂಟಿಯ ಪುಸ್ತಕಗಳನ್ನು ತಿರುವಿಹಾಕಬೇಕು, ಒಬ್ಬನಿಗೆ ಎರಡು ಕಡೆ ಜಮೀನಿರುತ್ತಿತ್ತು.

ಕಾಗದವೇ ಕೊನೆಯ ಮಾತು ಎನ್ನುವಾಗ ಆ ಕಾಗದ ಬರೆದವರು ಯಾರು ಎಂದೂ ಕೇಳಬೇಕು. 1924ರಲ್ಲಿ ವರ್ಜೀನಿಯಾ ಜನಾಂಗ ಶುದ್ಧತೆಯ ಕಾಯ್ದೆ ತಂದಿತು. ಮೂಲನಿವಾಸಿಗಳ ರಕ್ತ ಹದಿನಾರರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲದವರನ್ನು ಬಿಳಿಯರೆಂದೇ ಎಣಿಸುವ ವಿನಾಯಿತಿಯೂ ಅದರಲ್ಲಿತ್ತು, ಪೊಕಹಾಂಟಸ್ ಸಂತತಿಯೆಂದು ಹೆಮ್ಮೆಪಡುತ್ತಿದ್ದ ಗಣ್ಯರಿಗಾಗಿ. ಅದೇ ಹೊತ್ತಿಗೆ ರಾಜ್ಯದ ನೋಂದಣಾಧಿಕಾರಿ ವಾಲ್ಟರ್ ಪ್ಲೆಕರ್ ನಿಜವಾದ ಮೂಲನಿವಾಸಿ ಕುಟುಂಬಗಳನ್ನು ‘ಬಣ್ಣದವರು’ (ಆಗ ಕಪ್ಪುಜನರಿಗೆ ಬಳಸುತ್ತಿದ್ದ ಪದ) ಎಂದು ದಾಖಲೆಯಲ್ಲಿ ಬದಲಿಸುತ್ತಾ ಹೋದ. ದೊಡ್ಡವರ ವಂಶಕ್ಕೆ ರಕ್ಷಣೆ, ಊರಿನ ಮೂಲದವರ ಗುರುತಿಗೆ ಅಳಿಸುವಿಕೆ. ಇದು ಅನ್ಯಾಯವೇ, ಮತ್ತು ಇಂದಿಗೂ ಹುಡುಕುವವರ ಕಾಲಿಗೆ ತೊಡರುತ್ತದೆ. ಈ ಕಾಲದ ವರ್ಜೀನಿಯಾದ ಜನನ, ಮರಣ ಪತ್ರಗಳಲ್ಲಿ ‘ಬಣ್ಣದವರು’ ಎಂದಿದ್ದರೆ ಅದನ್ನೇ ಪುರಾವೆ ಎನ್ನಬೇಡಿ. 1912ಕ್ಕೆ ಮುಂಚಿನ ಕೌಂಟಿ ಮದುವೆ ಪುಸ್ತಕದೊಡನೆ ತಾಳೆ ನೋಡಿ. ಪ್ರಮಾಣಪತ್ರದ ನಕಲು ಕೇಳುವಾಗ ಹಿಂಬದಿಯದನ್ನೂ ಕೇಳಿ. ಇವರನ್ನು ಮೂಲನಿವಾಸಿ ಎಂದು ಎಣಿಸಬೇಡಿ ಎನ್ನುವ ಎಚ್ಚರಿಕೆಯ ಚೀಟಿಗಳನ್ನು ಪ್ಲೆಕರ್ ಅಂಟಿಸುತ್ತಿದ್ದದ್ದು ಅಲ್ಲೇ.